ಮಾಸ್ತರರನ್ನು ಪರೀಕ್ಷೆಗೆ ತಯಾರು ಮಾಡಿದ್ದು

ಸಂಶಿ ಊರಿನ ನಮ್ಮ ಮನೆಯಲ್ಲಿ ಇಬ್ಬರದೂ ಮಾಸ್ತರಿಕೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನನ್ನದು ಕನ್ನಡ ಶಾಲೆಯ ಮೂರನೇ ಇಯತ್ತೆ. ಪರೀಕ್ಷೆ ಅಂದರೆ ಸಾಕು, ತಯಾರಿ ಮಾಡಿಸುವುದು ನಮಗೆ ಕೈಗೆ ಹತ್ತಿದ ಕೆಲಸ. ಅದರಿಂದಲೇ ನಾನು ತಪ್ಪು ಮಾಡಿದೆ.

ಅವರಿಗೆ ಆಗ ಐವತ್ತೈದು. ದೀಪಾವಳಿ ಕಳೆದ ಮೇಲೆ ಹಲಗೆಯ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ಬಿಡಿಸಲು ಶುರು ಮಾಡಿದರು. ಒಬ್ಬಳ ಅಂಕ ಇನ್ನೊಬ್ಬಳ ಹೆಸರಿನ ಮುಂದೆ ಬಿತ್ತು. ಹೆಡ್‌ಮಾಸ್ತರರು ಒಳ್ಳೆಯವರು, ಮನೆಗೇ ಬಂದು ಹೇಳಿದರು: "ಸರ್, ಡಾಕ್ಟರ್ ರಿಪೋರ್ಟ್ ಒಂದ್ ತರ್ರಿ. ಜೂನದಾಗ ಹತ್ತನೇತ್ತೆ ನಿಮಗ ಕೊಡೂದೋ ಬ್ಯಾಡೋ, ಆಮ್ಯಾಲೆ ನೋಡೂಣು." ಇಪ್ಪತ್ತೆಂಟು ವರ್ಷ ಹತ್ತನೆಯ ತರಗತಿ ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಮನುಷ್ಯ ಇವರು. ಚಹಾ ಹಂಗೇ ಆರಿತು.

ಹುಬ್ಬಳ್ಳಿಯ ನರಗಳ ಡಾಕ್ಟರು ಸ್ಕ್ಯಾನ್ ಮಾಡಿಸಿ, ಒಂದು ಹಾಳೆಯ ಸಣ್ಣ ಪರೀಕ್ಷೆ ಮಾಡಿದರು. ಇವತ್ತು ಯಾವ ತಾರೀಖು, ಇದು ಯಾವ ಊರು. ಗಡಿಯಾರ ಬರೆದು ಹನ್ನೊಂದು ಹತ್ತು ತೋರಿಸಿ. ಗಡಿಯಾರದಲ್ಲಿ ಇವರು ಎಡವಿದರು. ಇಷ್ಟರಿಂದ ತಿಳಿಯುವುದಿಲ್ಲ, ನ್ಯೂರೋಸೈಕಾಲಜಿ, ಅಂದರೆ ನೆನಪು-ಬುದ್ಧಿಯ ಪರೀಕ್ಷೆ ಪೂರ್ತಿ ಆಗಬೇಕು, ಸರಕಾರಿ ದವಾಖಾನೆಯಲ್ಲಿ ಪಾಳಿ ಬರಲು ತಿಂಗಳುಗಟ್ಟಲೆ ಕಾಯಬೇಕು ಎಂದು ಖಾಸಗಿ ಮನಶ್ಶಾಸ್ತ್ರಜ್ಞೆಯೊಬ್ಬರ ಫೋನ್ ನಂಬರು ಕೊಟ್ಟರು.

"ಒಂಬತ್ತ್ ಸಾವಿರ್ರಿ," ಎಂದರು ಆಕೆ ಫೋನಿನಲ್ಲಿ. "ರಿಪೋರ್ಟ್ ಬರಿಯೂದು, ಕೂಡಿಸಿ ತಿಳಿಸಿ ಹೇಳೂದು ಎಲ್ಲಾ ಅದರಾಗ ಬಂತು." ದವಾಖಾನೆಗೆ ದಾಖಲಾಗದೆ ಮಾಡಿಸುವುದರಿಂದ ನಮ್ಮ ವಿಮೆಯಲ್ಲಿ ಒಂದು ಪೈಸೆ ಬರಲಿಲ್ಲ. ಚಷ್ಮಾ ತರಬೇಕು, ಹಳೆಯ ಕಾಗದಪತ್ರ ತರಬೇಕು, ದಿನದ ಗುಳಿಗೆ ತಪ್ಪಿಸಬಾರದು, ಹೊಟ್ಟೆತುಂಬ ತಿಂದು, ನಿದ್ದೆ ಮಾಡಿ ಬರಬೇಕು. ಸೂಜಿ ಇಲ್ಲ, ಮಷೀನು ಇಲ್ಲ, ಬರೀ ಪ್ರಶ್ನೆ. ಆದರೆ ನಾಲ್ಕು ತಾಸು. "ಓದ್ಕೊಂಡ್ ಬರೂದೇನಿಲ್ರಿ," ಎಂದೂ ಹೇಳಿದರು. ನಾನೂ ಪಾಲಕರಿಗೆ ಹಾಗೇ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಬೇಸಿಗೆ ಸೂಟಿಯಲ್ಲಿ ಇಪ್ಪತ್ತು ದಿನ, ಬೆಳಗಿನ ಚಹಾ ಆದ ಮೇಲೆ, ಮೊಮ್ಮಗಳ ಪಾಟಿ ಹಿಡಿದು ಕೂಡಿಸಿದೆ. ತಾರೀಖು, ವಾರ, ಮುಖ್ಯಮಂತ್ರಿ, ಗಡಿಯಾರ.

"ಕೈಯಾಗ ಛಡಿ ಒಂದ ಹಿಡೀಲಿಲ್ಲ ನೋಡ ನೀ."

"ಹಿಡೀತೀನ್ರಿ, ಮದ್ಲ ಮುಳ್ಳು ನೆಟ್ಟಗ ತಗೀರಿ."

ಇಬ್ಬರೂ ನಕ್ಕಿದ್ದೆವು.

ಹುಬ್ಬಳ್ಳಿಯಲ್ಲಿ ಪರೀಕ್ಷೆಯ ಜಾಗ ಅಂದರೆ ಒಂದು ಮನೆಯ ಮಾಳಿಗೆಯ ಎರಡು ಕೋಣೆ. ಪರೀಕ್ಷೆ ಮಾಡುವ ಮೇಡಂ ನಮ್ಮ ಮಗಳಿಗಿಂತ ಸಣ್ಣವರು. ಮೊದಲು ಇಬ್ಬರನ್ನೂ ಕೂಡಿಸಿ ಮಾತಾಡಿಸಿದರು, ಆಮೇಲೆ ನನ್ನ ಕೈಗೆ ನಾಲ್ಕು ಹಾಳೆಯ ಫಾರ್ಮು ಕೊಟ್ಟು ಹೊರಗೆ ಕಳಿಸಿದರು. ಗುಳಿಗೆ ತಾವೇ ತೆಗೆದುಕೊಳ್ಳುತ್ತಾರೆಯೇ, ರೊಕ್ಕದ ವ್ಯವಹಾರ ಮಾಡುತ್ತಾರೆಯೇ, ಹೋದ ದಾರಿಯಲ್ಲಿ ತಿರುಗಿ ಬರುತ್ತಾರೆಯೇ. ಎಲ್ಲದಕ್ಕೂ 'ಹೌದು' ಎಂದು ಗೆರೆ ಎಳೆದೆ. ಒಳಗಿನಿಂದ ಅವರ ದನಿ ಕೇಳುತ್ತಿತ್ತು, ಕೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳುತ್ತಿದ್ದರು, ನಡುವೆ ನಿಲ್ಲುತ್ತಿದ್ದರು. ಬಾಗಿಲ ಆಚೆಯಿಂದ ಹೇಳಿಕೊಡಲು ನನ್ನ ತುಟಿ ಅಲ್ಲಾಡುತ್ತಿತ್ತು.

ಎರಡು ತಾಸಿನ ಮೇಲೆ ಅವರಿಗೆ ಚಹಾ ಕೊಟ್ಟು, ಮೇಡಂ ಒಂದು ಹಾಳೆ ಹಿಡಿದು ನನ್ನ ಹತ್ತಿರ ಬಂದರು. ಅಚ್ಚುಕಟ್ಟಾದ ಗಡಿಯಾರ, ಹನ್ನೊಂದು ಹತ್ತು.

"ನಾ ಮೂರೂವರಿ ತೋರಸ್ರಿ ಅಂದಿದ್ದೆ ಅಕ್ಕಾರ. ಮನ್ಯಾಗ ರೂಢಿ ಮಾಡಿಸೀರೇನ್ರಿ?"

ಹೂಂ ಅಂದೆ. ಅವರು ಬಯ್ಯಲಿಲ್ಲ.

"ಇದು ಪಾಸು-ನಪಾಸಿನ ಪರೀಕ್ಷೆ ಅಲ್ರಿ. ಎಲ್ಲಿ ತೊಡಕೈತಿ ಅಂತ ಹುಡುಕೂದು. ನೀವ ಮುಚ್ಚಿಟ್ರ ನಾ ಎಲ್ಲಿ ಹುಡುಕ್ಲಿ?"

ನಾನು ಓದಿಸಿದ್ದನ್ನೆಲ್ಲ ಬದಿಗಿಟ್ಟು ಬೇರೆ ಪ್ರಶ್ನೆ ಹಾಕುತ್ತೇನೆ ಎಂದರು. ನನ್ನ ಫಾರ್ಮು ತಿರುವಿ ನೋಡಿ, ಹೊಸದೊಂದು ಕೊಟ್ಟು ಒಳಗೆ ಹೋದರು.

ನಮ್ಮ ಮನೆಯವರು ಚಹಾ ಮುಗಿಸಿ ಬಂದು ಬೆಂಚಿನ ಮೇಲೆ ಬಾಜು ಕೂತರು. ಹಾಳೆ ಮಗ್ಗುಲಿಗೆ ತಿರುಗಿಸಿದೆ.

"ಮುಚ್ಚಬ್ಯಾಡ. ಓದು."

ಓದಿದೆ.

"ಗುಳಿಗಿ? ಇಲ್ಲ ಅಂತ ಬರಿ. ನೀ ಅಂಗೈಯಾಗ ಹಾಕೂತನಾ ನನಗ ಖಬರ ಇರೂದಿಲ್ಲ. ರೊಕ್ಕಾ? ಹಾಲಿನವಗ ಎರಡ ಸಲ ಕೊಟ್ಟೆ. ನೀ ಹೋಗಿ ಇಸ್ಕೊಂಡ ಬಂದಿ."

ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ನಾನು ಮುಚ್ಚಿದ್ದನ್ನೆಲ್ಲ ಅವರು ನೋಡುತ್ತಲೇ ಇದ್ದರು.

ಕೊನೆಯ ಹಾಳೆಗೆ ಬಂದೆ. ತಮ್ಮ ಉದ್ಯೋಗವನ್ನು ಮೊದಲಿನಂತೆ ಮಾಡುತ್ತಾರೆಯೇ? ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು 'ಇಲ್ಲ' ಎಂಬಲ್ಲಿ ತಾವೇ ಗೆರೆ ಎಳೆದರು.

ಹದಿನೈದು ದಿನದ ಮೇಲೆ ರಿಪೋರ್ಟ್ ಬಂತು, ಆರು ಹಾಳೆ. ಹೊಸದು ನೆನಪಿನಲ್ಲಿ ನಿಲ್ಲುತ್ತಿಲ್ಲ, ವಯಸ್ಸಿನ ಮರೆವಿಗಿಂತ ಇದು ಹೆಚ್ಚು, ತರಗತಿಯ ಜವಾಬ್ದಾರಿ ಬೇಡ, ಒಂದು ವರ್ಷ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಆಗಬೇಕು. ಮೇಡಂ ಮುಕ್ಕಾಲು ತಾಸು ಕೂತು ಸಾಲು ಸಾಲಾಗಿ ತಿಳಿಸಿದರು. ಅದನ್ನು ಹೆಡ್‌ಮಾಸ್ತರರಿಗೆ ಒಯ್ದು ಕೊಟ್ಟವರು ನಮ್ಮ ಮನೆಯವರೇ.

ಜೂನಿನಲ್ಲಿ ಹತ್ತನೇತ್ತೆ ಬೇರೆಯವರಿಗೆ ಹೋಯಿತು. ಮೊದಲ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಆಫೀಸಿನಲ್ಲಿ ಕೂತು, ಹನ್ನೆರಡಕ್ಕೇ ಮನೆಗೆ ಬಂದರಂತೆ. ನಾನು ಸಂಜೆ ನನ್ನ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದರು.

"ಊಟಾ ಮಾಡಿದ್ರ್ಯಾ?"

"ನೀನ ಹೇಳ. ಮಾಡೇನೇನು?"

ಚೇಷ್ಟೆಯೋ ಖರೇನೋ ಮುಖ ನೋಡಿದರೂ ತಿಳಿಯಲಿಲ್ಲ. ಅಡಿಗೆಮನೆಗೆ ಹೋಗಿ ಬೆಳಿಗ್ಗೆ ನಾನು ಬುಟ್ಟಿಯಲ್ಲಿ ಇಟ್ಟುಹೋಗಿದ್ದ ರೊಟ್ಟಿ ಎಣಿಸಿದೆ.