ಪಾವು ಎಣ್ಣೆಯ ತೂಕ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಸಾಲುಮನೆಗಳ ಲೈನಿನಲ್ಲಿದ್ದ ಆಳುಗಳಿಗೆ ನನ್ನನ್ನು ಕಂಡರಾಗುತ್ತಿರಲಿಲ್ಲ. ನನಗೂ ಅವರ ಮೇಲೆ ಪ್ರೀತಿಯೇನಿರಲಿಲ್ಲ.

ಭಾನುವಾರ ಮನೆಗೊಂದು ಪಾವು ತೆಂಗಿನೆಣ್ಣೆ ಕೊಡುವುದು ಅಲ್ಲಿನ ವಾಡಿಕೆ. ಪಾವೆಂದರೆ ಕಾಲು ಸೇರು. ಚಳಿಗಾಲದಲ್ಲಿ ಎಣ್ಣೆ ಡ್ರಮ್ಮಿನಲ್ಲೇ ಬೆಣ್ಣೆಯಂತೆ ಗಟ್ಟಿಯಾಗುತ್ತಿತ್ತು. ಸೌಟಿನಲ್ಲಿ ಕೆತ್ತಿ ಪಾವಿಗೆ ತುಂಬಿದರೆ ನಡುವೆ ಪೊಳ್ಳು ಉಳಿಯುತ್ತದೆಂದು ವಾರವಾರವೂ ಜಗಳ. ಬೇಸತ್ತ ಮ್ಯಾನೇಜರು ಇನ್ನು ತೂಗಿಯೇ ಕೊಡಿ, ಪಾವಿಗೆ ಎಷ್ಟು ತೂಕವೆಂದು ಗೊತ್ತುಮಾಡಿ ಎಂದು ನನಗೆ ಹೇಳಿದರು. ನಾನು ಏನನ್ನೂ ತೂಗಿ ನೋಡಲಿಲ್ಲ. ಮನೆಗೆ ಕಾಲು ಸೇರು ತೂಕ ಎಂದು ಚೀಟಿ ಬರೆದೆ.

ಸ್ಟೋರು ನೋಡಿಕೊಳ್ಳುತ್ತಿದ್ದ ಮುದುಕರು ಚೀಟಿ ಹಿಡಿದು ಬಂದರು.

"ಅಳತೆ ಸೇರೇ ಬೇರೆ, ತೂಕದ ಸೇರೇ ಬೇರೆ ರೈಟ್ರೇ. ಒಂದ್ಸಲ ತೂಗಿ ನೋಡಣ."

"ತಕ್ಕಡಿ ಹಿಡಿಯೋದಷ್ಟೇ ನಿಮ್ಮ ಕೆಲಸ. ಅದನ್ನ ಮಾಡಿ," ಎಂದೆ.

ಹೆಸರು ಒಂದೇ. ಆದರೆ ತೂಕದ ಸೇರೆಂದರೆ ಇಪ್ಪತ್ತನಾಲ್ಕು ತೊಲ, ಅದರ ಕಾಲು ಭಾಗ ಬರೀ ಆರು ತೊಲ. ಪಾವಿನಲ್ಲಿ ಹಿಡಿಯುವ ಎಣ್ಣೆಯೋ ಹದಿನೆಂಟು ತೊಲ. ಇದು ತಿಳಿಯಲು ಕಾಲೇಜು ಬೇಕಿರಲಿಲ್ಲ.

ಭಾನುವಾರ ಮೊದಲ ಡಬ್ಬಿಯ ತಳ ನೋಡಿದೊಡನೆ ನನಗೆ ತಪ್ಪು ಹೊಳೆಯಿತು. ಡಬ್ಬಿ ಹಿಡಿದಿದ್ದ ಹೆಂಗಸು, ಇದು ಸಾರಿಗೋ ಹುಣ್ಣಿಗೋ ಎಂದು ಕೇಳಿದಳು. ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಇಬ್ಬರು ಗಂಡಸರು ಮುದುಕರ ಕೈಗಳನ್ನು ಹಿಂದಕ್ಕೆ ತಿರುಚಿ, ಗದ್ದವನ್ನು ಡ್ರಮ್ಮಿನ ಅಂಚಿಗೆ ಒತ್ತಿದರು. ಮತ್ತೊಬ್ಬ ಅವರ ಕತ್ತಿನ ಮೇಲೆ ಗಿಡ ಸವರುವ ಕಪಾತಿನ ಕತ್ತಿ ಇಟ್ಟ.

"ಉಳಿದ ಎರಡು ಪಾಲು ಎಲ್ಲಿ ನುಂಗಿದೆ, ಕಳ್ಳ?"

ನಾನು ಎರಡು ಮಾರು ದೂರದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದೆ. ಲೆಕ್ಕ ನನ್ನದು ಎನ್ನಲು ಎರಡೇ ಮಾತು ಸಾಕಿತ್ತು. ಈಗಲೂ ಸ್ನಾನದ ಮನೆಯಲ್ಲಿ ಆ ಎರಡು ಮಾತನ್ನು ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಉಸಿರೆಳೆಯುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಮುದುಕರು ಬೇಡಿಕೊಳ್ಳಲಿಲ್ಲ. ಒಂದು ಕೈ ಬಿಡಿ ಎಂದರು, ಅಷ್ಟೆ. ಬಿಟ್ಟ ಕೈಯಿಂದ ಪಾವಿಗೆ ಎಣ್ಣೆ ಒತ್ತಿ ತುಂಬಿ, ಆ ಉಂಡೆಯನ್ನು ತಕ್ಕಡಿಗೆ ಕವುಚಿದರು. ಆರು ತೊಲದ ಕಲ್ಲಿದ್ದ ತಟ್ಟೆ ಮೇಲೆಯೇ ನಿಂತಿತು. ಅಂಥವೇ ಇನ್ನೆರಡು ಇಟ್ಟ ಮೇಲೆ ಸರಿದೂಗಿತು.

"ತೂಗಿದ್ದು ನಾನು. ಬರೆದೋರು ಅಲ್ಲಿ ಅವ್ರೆ," ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಚೀಟಿ ಓದಿಸಿದರು, ಓದಿದೆ. ಡಬ್ಬಿಯ ಹೆಂಗಸು ಸೊಂಟದಿಂದ ಸೌದೆ ಕತ್ತಿ ಎಳೆದು ನನ್ನ ಕಿವಿಯ ಕೆಳಗೆ ತಾಗಿಸಿದಳು. ಕಬ್ಬಿಣ ಬಹಳ ತಣ್ಣಗಿತ್ತು.

"ಈಗ ನೀವೇ ಅಳೀರಿ, ರೈಟ್ರೇ. ಬೆರಳಲ್ಲಿ ಒತ್ತಿ ಅಳೀರಿ. ಪೊಳ್ಳು ಬಿಟ್ಟರೆ ನನಗೆ ಕಾಣ್ತದೆ."

ಇಡೀ ಲೈನಿಗೆ ಅಳೆದೆ. ಉಗುರಿನ ಸಂದಿಗೆ ಎಣ್ಣೆ ಸಿಕ್ಕಿ ಬೆರಳು ಮರಗಟ್ಟಿದವು. ಕೊನೆಯ ಡಬ್ಬಿ ತುಂಬುವವರೆಗೂ ಅವಳು ಕತ್ತಿ ತೆಗೆಯಲಿಲ್ಲ.

ಎಲ್ಲರೂ ಹೋದ ಮೇಲೆ ಉಳಿದದ್ದು ಮುದುಕರ ಚೊಂಬು. ನಾನು ಕೈ ಚಾಚಿದೆ. ಅವರು ಅದನ್ನು ಹಿಂದಕ್ಕೆಳೆದುಕೊಂಡರು.

"ಇದಕ್ಕೆ ನಿಮ್ಮ ಕೈ ಬೇಡ."

ಸರಿಯಾಗಿ ಒಂದು ಪಾವು ತಾವೇ ಅಳೆದುಕೊಂಡರು. ಅದರಿಂದಲೇ ಚೂರು ತೆಗೆದು, ಡ್ರಮ್ಮಿನ ಅಂಚು ಕೊರೆದ ಗದ್ದಕ್ಕೆ ಸವರಿಕೊಂಡು ಹೊರಟರು.