ಮೊದಲ ಗುಟುಕು ಕಾಕನದು

ಅವರ ಬಿಳಿಗಡ್ಡದಲ್ಲಿ, ಕೆಳತುಟಿಗೆ ತಾಗಿಕೊಂಡು, ಚಹಾದ ಕಂದು ಕಲೆಯೊಂದು ಸದಾ ಇರುತ್ತಿತ್ತು. ಸದಾ ಎಂದು ಬರೆದೆನೇ? ಶೂಟಿಂಗಿನ ದಿನಗಳಲ್ಲಷ್ಟೇ ಇದ್ದಿರಬಹುದು.

ಕಲ್ಲುಗುಂಡಿಯ ರಸ್ತೆಬದಿಯಲ್ಲಿ ಅವರದೊಂದು ಚಹಾದಂಗಡಿ. ನಾವೆಲ್ಲ ಕಾಕ ಎನ್ನುತ್ತಿದ್ದೆವು. ಕಾಲೇಜಿನಲ್ಲಿ ಪಾಠ ಮಾಡುವ ನಾನು ಅವರಿಗೆ ಮಾಷ್ಟ್ರು. ಅಂಗಡಿಯ ಹಿಂದಿನ ಮನೆಯಲ್ಲಿ ನನ್ನ ಗೆಳೆಯ, ತನ್ನದೇ ದುಡ್ಡು ಹಾಕಿ, ಕುಡುಕನೊಬ್ಬ ಚೇತರಿಸಿಕೊಳ್ಳುವ ಸಿನಿಮಾ ತೆಗೆಯುತ್ತಿದ್ದ. ಕುಡುಕ ನಾನು. ಪಾತ್ರದಲ್ಲೂ, ಅದಕ್ಕೆ ಮೊದಲು ಬದುಕಿನಲ್ಲೂ. ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಕುಡಿತ ಬಿಡಿಸಿಕೊಂಡು ಬಂದು ವರ್ಷ ತುಂಬಿರಲಿಲ್ಲ. ಸುಮ್ಮನೆ ಕೂತಾಗ ಬರುವ ಭಯಕ್ಕೆ ಇನ್ನೂ ಮಾತ್ರೆ ನುಂಗುತ್ತಿದ್ದೆ. ಒಂದು ಗುಟುಕು ಒಳಗೆ ಹೋದರೂ ಮತ್ತೆ ಮೊದಲಿನ ಹಾಗೆಯೇ ಎಂದು ಡಾಕ್ಟರು ಹೇಳಿದ್ದರು.

ಕುಡಿಯುವ ದೃಶ್ಯಗಳಿಗೆ ಬ್ರಾಂಡಿಯ ಬದಲಿಗೆ ಕಾಕ ಹಾಲು ಹಾಕದ ಚಹಾ ಸೋಸಿ ಕೊಡುತ್ತಿದ್ದರು. ಮೊದಲ ದಿನ ಆ ಬಣ್ಣ ನೋಡಿಯೇ ನಾನು ಲೋಟವನ್ನು ದೂರ ಸರಿಸಿದೆ. ಅವರು ಲೋಟ ತೆಗೆದುಕೊಂಡು ತಾವೇ ಒಂದು ಗುಟುಕು ಕುಡಿದರು.

"ಚಾ ಮಾರಾಯ್ರೆ. ಸಕ್ಕರೆ ಸಹ ಇಲ್ಲ."

ಆಮೇಲೆ ಪ್ರತಿ ಶಾಟಿಗೆ ಮುಂಚೆ ಅದೇ ಕ್ರಮ. ಅವರು ಕುಡಿಯದೆ ನಾನು ಮುಟ್ಟುತ್ತಿರಲಿಲ್ಲ.

"ಕಾಕಾ, ಹೀರೋ ನೀವಾ, ಮಾಷ್ಟ್ರಾ?" ಎಂದು ಕ್ಯಾಮೆರಾದವನು ಕೆಣಕುತ್ತಿದ್ದ.

"ನನ್ನ ಮುಖಕ್ಕೆ ನಿನ್ನ ಕ್ಯಾಮೆರಾ ಸಾಕಾಗುದಿಲ್ಲ, ಹೋಗು."

ಕೊನೆಯ ದೃಶ್ಯದ ದಿನ ಗೆಳೆಯ ಯಾರಿಗೂ ಹೇಳದೆ ಲೋಟಕ್ಕೆ ನಿಜವಾದ ಬ್ರಾಂಡಿ ಸುರಿದಿಟ್ಟಿದ್ದ. ನನ್ನ ಮುಖದಲ್ಲಿ ಸತ್ಯ ಬರಬೇಕಿತ್ತಂತೆ. ಕಾಕ ಎಂದಿನ ಅಭ್ಯಾಸದಲ್ಲಿ ಅದನ್ನು ಬಾಯಿಗಿಟ್ಟರು. ಅಂಗಳಕ್ಕೆ ಹೋಗಿ ಉಗುಳಿದರು, ಲೋಟದಲ್ಲಿದ್ದದ್ದನ್ನು ಚೆಲ್ಲಿದರು, ನಲ್ಲಿಯಡಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ಉಗುಳಿದ ಸದ್ದು ನನ್ನ ಕಿವಿಯಲ್ಲಿದೆ. ತುಟಿಗೆ ತಾಗಿತಷ್ಟೇ ಎನ್ನುತ್ತಾನೆ ಕ್ಯಾಮೆರಾದವನು. ಅವನೇ ಸರಿಯಿರಬಹುದು. ಆದರೆ ಕಾಕ ಒಳಗೆ ಬಂದು ಗೆಳೆಯನಿಗೆ ಹೇಳಿದ ಮಾತು ನಮ್ಮಿಬ್ಬರಿಗೂ ಒಂದೇ ಥರ ನೆನಪಿದೆ.

"ನನಗೆ ಇದು ಹರಾಮು. ಅದನ್ನು ನಾನು ಅಲ್ಲಾಹನ ಹತ್ತಿರ ಮಾತಾಡಿಕೊಳ್ತೇನೆ. ಮಾಷ್ಟ್ರ ಹೆಂಡತಿ ಹತ್ತಿರ ನೀವು ಎಂತ ಹೇಳುದು?"

ಕಾಕ ಬೇರೆ ಚಹಾ ತಂದರು, ಕುಡಿದು ತೋರಿಸಿದರು. ದೃಶ್ಯ ಮುಗಿಯಿತು.

ಪರದೆಯ ಮೇಲೆ ಹೆಸರು ಹಾಕುತ್ತೇವೆಂದರೆ ಅವರು ಒಪ್ಪಲಿಲ್ಲ. "ಕುಡುಕರ ಸಿನಿಮಾದಲ್ಲಿ ನನ್ನ ಹೆಸರು ಕಂಡರೆ ಮಸೀದಿಯ ಜಮಾತಿನವರು ಎಂತ ಹೇಳಿಯಾರು?"

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಸೀದಿಯ ಗೇಟಿನ ಹೊರಗೆ ನಿಂತಿದ್ದ ನನ್ನ ಬಳಿಗೆ ಅವರ ಮಗ ಬಂದು ಕೈ ಹಿಡಿದುಕೊಂಡ.

"ಆಸ್ಪತ್ರೆಯಲ್ಲಿಯೂ ಕೇಳ್ತಿದ್ದರು, ಮಾಷ್ಟ್ರು ಸರಿ ಇದ್ದಾರಾ ಅಂತ."

"ಸರಿ ಇದ್ದೇನೆ" ಎಂದೆ, ಅವರಿಗೇ ಹೇಳಬೇಕಾಗಿದ್ದ ಮಾತನ್ನು ಅವರ ಮಗನಿಗೆ. ಅವತ್ತು ಅದು ನಿಜವಾಗಿತ್ತು. ಇದನ್ನು ಬರೆಯುತ್ತಿರುವ ಈ ಸಂಜೆಯೂ ನಿಜ.