ಒಳಗೆ ಬರಬೇಡ ಎಂದ ಅಕ್ಕ

ಕಳೆದ ತಿಂಗಳು ಮಗಳನ್ನು ಕರೆದುಕೊಂಡು ತುಮಕೂರಿನ ಒಂದು ಲ್ಯಾಬಿಗೆ ಹೋಗಿದ್ದೆ. ಅವಳೀಗ ನಾಲ್ಕು ತಿಂಗಳ ಬಸುರಿ. ರಕ್ತ ತೆಗೆಯುವಾಕೆ ಅವಳ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದರು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಉಪ್ಪಾರಹಳ್ಳಿಯ ವಠಾರದ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು. ತಮ್ಮ ಮಗುವನ್ನು ಮುಟ್ಟಿದಾಗಲೆಲ್ಲ ಅವರು ಕೈ ತೊಳೆದು, ಮೇಲೆ ಸ್ಪಿರಿಟ್ ಸವರಿಕೊಳ್ಳುತ್ತಿದ್ದರು. ಅವರ ಸೆರಗಿಗೂ ಅದೇ ವಾಸನೆ...

ತೊಂಬತ್ತರ ದಶಕದ ಕೊನೆ ಅದು. ಮದುವೆಯಾಗಿ ಬಂದಾಗ ನನಗೆ ಆ ಊರಲ್ಲಿ ಒಬ್ಬರೂ ಗೊತ್ತಿರಲಿಲ್ಲ. ನಮ್ಮವರು ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟ್ರು; ಬೆಳಗಿನ ಬಸ್ಸಿಗೆ ಹೋದರೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಕುಣಿಗಲ್ ಕಡೆಯವರಾದ ಅಕ್ಕ ಮೊದಲ ದಿನವೇ ಒಂದು ಪಾತ್ರೆ ಬಸ್ಸಾರು ತಂದುಕೊಟ್ಟು, ಅಡುಗೆಮನೆಯಲ್ಲೇ ಕೂತು ನನ್ನ ತೌರಿನ ವಿಷಯವೆಲ್ಲ ಕೇಳಿದ್ದರು. ಆಮೇಲೆ ನನ್ನ ಮಧ್ಯಾಹ್ನಗಳೆಲ್ಲ ಅವರ ಮನೆಯಲ್ಲೇ ಕಳೆದವು.

ಅವರ ಮಗನಿಗೆ ಆಗ ಎರಡು ವರ್ಷವಿರಬಹುದು. ಹುಟ್ಟಿದಾಗ ಅಂಗೈಯಷ್ಟಿದ್ದನಂತೆ. ಮೈಮೇಲೆ ಕೆಂಪು ಚುಕ್ಕೆ, ಬಿಡದ ಕಾಮಾಲೆ. ಮಕ್ಕಳ ಡಾಕ್ಟರು ಅನುಮಾನಪಟ್ಟು ರಕ್ತ, ಮೂತ್ರ ಎರಡನ್ನೂ ಬೆಂಗಳೂರಿಗೆ ಕಳಿಸಿದರು. ಸೈಟೊಮೆಗಲೊ ಎಂಬ ವೈರಸ್ಸು ಗರ್ಭದಲ್ಲೇ ಮಗುವಿಗೆ ತಗುಲಿದೆ ಎಂದು ರಿಪೋರ್ಟ್ ಬಂತು. ಬಸುರಿನಲ್ಲಿ ಅಕ್ಕನಿಗೆ ಬಂದಿದ್ದದ್ದು ಎರಡು ದಿನದ ಜ್ವರ, ಅಷ್ಟೇ. ಮಗು ಹೇಗೋ ಉಳಿಯಿತು. ವರ್ಷ ಕಳೆದ ಮೇಲೆ, ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಅವನು ತಿರುಗಿ ನೋಡುವುದಿಲ್ಲ ಎನ್ನುವುದು ಅಕ್ಕನ ಗಮನಕ್ಕೆ ಬಂತು. ಅವನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ.

ಆ ಕಾಲಕ್ಕೆ ರಕ್ತದಲ್ಲಿ ವೈರಸ್ಸು ಎಂದರೆ ಜನಕ್ಕೆ ಗೊತ್ತಿದ್ದದ್ದು ಒಂದೇ ರೋಗ, ಏಡ್ಸ್. ವಠಾರದಲ್ಲಿ ಗುಸುಗುಸು ಎದ್ದಿತು. ನಲ್ಲಿಯ ಬಳಿ ಅಕ್ಕನ ಬಿಂದಿಗೆ ಇದ್ದರೆ ಉಳಿದವರು ತಮ್ಮದನ್ನು ದೂರ ಎಳೆದುಕೊಳ್ಳುತ್ತಿದ್ದರು. ಅಕ್ಕನ ಅತ್ತೆಯಂತೂ ಸೊಸೆಯ ಕೈಯಡುಗೆ ಉಣ್ಣುವುದನ್ನೇ ಬಿಟ್ಟು ಊರಿಗೆ ಹೋಗಿಬಿಟ್ಟರು. ಗಂಡ ಒಳ್ಳೆಯವರೇ, ಆದರೆ ಲಾರಿ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆ ಮನೆಗೆ ಹೋಗಿ ಬರುತ್ತಿದ್ದವಳು ನಾನೊಬ್ಬಳೇ. ಹುಡುಗ ಜೊಲ್ಲು ಸುರಿಸುತ್ತಾ ನನ್ನ ಹೆಗಲ ಮೇಲೆಯೇ ನಿದ್ದೆ ಹೋಗುತ್ತಿದ್ದ.

ನನಗೆ ತಿಂಗಳು ನಿಂತ ಸುದ್ದಿಯನ್ನು ನಮ್ಮಮ್ಮನಿಗೂ ಮೊದಲು ಅಕ್ಕನಿಗೆ ಹೇಳಬೇಕೆಂದು ಓಡಿದ್ದೆ. ಅವರ ಮುಖ ಅರಳಿತು. ಮರುಕ್ಷಣವೇ ಮಗುವನ್ನು ಎತ್ತಿಕೊಂಡು ಹಿಂದೆ ಸರಿದರು.

"ಒಳಗೆ ಬರ್ಬೇಡ ಕಣೇ. ಇನ್ಮೇಲೆ ಬರ್ಲೇಬೇಡ."

ಬಾಗಿಲು ಹಾಕಿಕೊಂಡರು. ನಾನು ಏನು ತಪ್ಪು ಮಾಡಿದೆನೋ ಎಂದು ಅಂಗಳದಲ್ಲಿ ನಿಂತೇ ಇದ್ದೆ. ಒಂದು ವಾರ ಊಟ ಸೇರಲಿಲ್ಲ. ಕೊನೆಗೆ ಕಿಟಕಿಯಿಂದಲೇ ಅವರು ಕಾರಣ ಹೇಳಿದರು. ಮಗುವಿನ ಜೊಲ್ಲಿನಲ್ಲಿ, ಉಚ್ಚೆಯಲ್ಲಿ ಆ ವೈರಸ್ಸು ವರ್ಷಗಟ್ಟಲೆ ಇರುತ್ತದೆ, ಬಸುರಿಯರು ಜೋಪಾನ ಎಂದು ಡಾಕ್ಟರು ಎಚ್ಚರಿಸಿದ್ದರಂತೆ.

ನಾನೂ ಹೆದರಿದೆ. ಲೇಡಿ ಡಾಕ್ಟರ ಹತ್ತಿರ ಎಲ್ಲ ಹೇಳಿಕೊಂಡು ರಕ್ತ ಕೊಟ್ಟು ಬಂದೆ. ಕೆಲವು ದಿನಕ್ಕೆ ರಿಪೋರ್ಟ್ ಬಂತು. ನನಗೆ ಅದು ಹಿಂದೆ ಯಾವಾಗಲೋ, ಬಹುಶಃ ಚಿಕ್ಕವಳಿದ್ದಾಗಲೇ, ಬಂದು ಹೋಗಿದೆ ಎಂದರು ಡಾಕ್ಟರು. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗದ ಹಾಗೆ ಬಂದಿರುತ್ತದಂತೆ. ಅಪಾಯ ಪೂರ್ತಿ ಇಲ್ಲವೆನ್ನಲು ಆಗದು, ಆದರೆ ಕಡಿಮೆ. ಸೋಪಿನಲ್ಲಿ ಕೈ ತೊಳೆಯಿರಿ, ಮಗುವಿನ ಎಂಜಲು ತಿನ್ನಬೇಡಿ, ಬಾಗಿಲು ಹಾಕಿಕೊಂಡು ಕೂರಬೇಕಾಗಿಲ್ಲ ಎಂದರು.

ಹಗುರಾಗಿ ಬಂದು ಅಕ್ಕನ ಕಿಟಕಿಯ ಹತ್ತಿರ ನಿಂತು ಅದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಜ್ವರ ಬಂದಾಗ ನಂಗೂ ಏನೂ ಆಗಲ್ಲ ಅಂತಾನೇ ಡಾಕ್ಟ್ರು ಅಂದಿದ್ರು ಕಣೇ," ಎಂದರು ಮೆಲ್ಲಗೆ. "ನಿನ್ ಮಗೀಗೆ ಏನಾದ್ರೂ ಆದ್ರೆ ನಾನು ಹೆಂಗೆ ನಿನ್ ಮುಖ ನೋಡ್ಲಿ?"

ನಾನು ಮನೆಗೆ ವಾಪಸಾದೆ.

ಆಮೇಲಿನ ತಿಂಗಳುಗಳಲ್ಲಿ ನಮ್ಮಿಬ್ಬರ ನಡುವೆ ಉಳಿದದ್ದು ಒಂದು ಗೋಡೆ. ಮಗುವಿನೊಂದಿಗೆ ಸದಾ ಮಾತಾಡುತ್ತಿರಿ, ತುಟಿ ನೋಡಿ ಕಲಿಯುತ್ತಾನೆ ಎಂದು ಯಾರೋ ಹೇಳಿದ್ದರಂತೆ. ಅಕ್ಕ ದಿನವಿಡೀ ಮಾತಾಡುತ್ತಿದ್ದರು. ಇದು ಲೋಟ, ಇದು ಅನ್ನ, ಅಪ್ಪ ಬರ್ತಾನೆ... ಅವನಿಗೆ ಕೇಳದ ಮಾತನ್ನೆಲ್ಲ ಗೋಡೆಯ ಈಚೆ ನಾನು ಒಬ್ಬಳೇ ಕೂತು ಕೇಳುತ್ತಿದ್ದೆ.

ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಬಂದಾಗ ಆ ಮನೆಗೆ ಬೇರೆಯವರು ಬಂದಿದ್ದರು. ಕಿವಿ ಕೇಳದ ಮಕ್ಕಳಿಗೆ ತಾಯಂದಿರ ಜೊತೆಗೇ ಕಲಿಸುವ ಶಾಲೆ ಮೈಸೂರಿನಲ್ಲಿದೆಯೆಂದು ಮಗನನ್ನು ಕರೆದುಕೊಂಡು ಹೋದರಂತೆ.

ಮತ್ತೆ ಅಕ್ಕನನ್ನು ನೋಡಿದ್ದು ಒಂದೇ ಸಲ. ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಒಂದು ಮದುವೆಗೆ ಕುಣಿಗಲ್‌ಗೆ ಹೋದವಳು ವಿಚಾರಿಸಿಕೊಂಡು ಅವರ ತೌರುಮನೆಗೆ ಹೋದೆ. ಕೂದಲು ನರೆತಿತ್ತು. ನನ್ನನ್ನು ಮಾತಾಡಿಸುವ ಮೊದಲು ಮಗಳನ್ನೇ ದಿಟ್ಟಿಸಿ ಕೇಳಿದರು:

"ಇವ್ಳಿಗೆ ಕಿವಿ ಚೆನ್ನಾಗಿ ಕೇಳ್ತದಾ?"

ಕೇಳುತ್ತದೆ ಎಂದೆ. ಅಕ್ಕ ಜಗಲಿಯ ಮೇಲೆ ಕುಸಿದಂತೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ವರ್ಷ ಆ ಭಯ ಅವರಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಒಳಗಿನಿಂದ ಬಂದ ಮಗ ಉದ್ದಕ್ಕೆ ಬೆಳೆದಿದ್ದ. ಅಮ್ಮನ ತುಟಿ ನೋಡಿ, ನನ್ನತ್ತ ತಿರುಗಿ, ಗೊಗ್ಗರು ದನಿಯಲ್ಲಿ "ಊಟ ಮಾಡಿ" ಎಂದ. ಮಗಳ ತಲೆ ಸವರಲು ಅಕ್ಕ ಕೈ ಚಾಚಿದರು. ನಡುವೆ ತಡೆದು, ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ಆಮೇಲೆ ಸವರಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿಯೆಲ್ಲ ಮುಗಿದು ಎಷ್ಟೋ ದಿನದ ಮೇಲೆ. ಮಗ ಮೈಸೂರಿನ ಯಾವುದೋ ಪ್ರೆಸ್ಸಿನಲ್ಲಿದ್ದಾನೆ ಎನ್ನುತ್ತಾರೆ. ನಾನು ಹುಡುಕಿಕೊಂಡು ಹೋಗಿಲ್ಲ... ನನ್ನ ಮುಖದ ಗುರುತಾದರೂ ಅವನಿಗೆ ಇದೆಯೋ ಇಲ್ಲವೋ.

ಮೊನ್ನೆ ಮಗಳು ಸೀಮಂತಕ್ಕೆ ಯಾರ‍್ಯಾರನ್ನು ಕರೆಯೋಣಮ್ಮ ಎಂದು ಕೇಳಿದಳು. ನೆಂಟರ ಹೆಸರೆಲ್ಲ ಹೇಳಿದೆ. ಮತ್ತೆ ಯಾರು ಎಂದಳು. ಇನ್ಯಾರೂ ಇಲ್ಲ ಎಂದೆ.